ರಾತ್ರಿ ದೋಣಿ ಎಲ್ಲಿ ನಿಲ್ಲಿಸ್ತೀರಿ?

ಹಾಯಿದೋಣಿಯಲ್ಲಿ ದೂರ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಇದು. "ಹಗಲು ಸರಿ, ರಾತ್ರಿ ಹೊತ್ತು ದೋಣಿ ಎಲ್ಲಿ ನಿಲ್ಲಿಸ್ತೀರಿ?" ಕೆಲವರು ಅದನ್ನೇ ಬೇರೆ ಥರ ಕೇಳುತ್ತಾರೆ. "ಲಂಗರು ಹಾಕಿ ಎಲ್ಲರೂ ಮಲಗಿಬಿಡ್ತೀರಾ?" ಮಕ್ಕಳು ಕೇಳುತ್ತಾರೆ, ಓದಿಕೊಂಡ ದೊಡ್ಡವರೂ ಕೇಳುತ್ತಾರೆ. ನನ್ನ ಅತ್ತೆಯಂತೂ ಪ್ರತಿ ಸಲ ಹೊರಡುವಾಗಲೂ ಕೇಳುತ್ತಾರೆ. ತುಂಬಾ ಒಳ್ಳೆಯ ಪ್ರಶ್ನೆ. ದಾರಿಯಲ್ಲಿ ಹೋಗುವವರು ಕತ್ತಲಾದರೆ ಎಲ್ಲಾದರೂ ನಿಲ್ಲುತ್ತಾರೆ, ಅಲ್ವಾ?

ಸಮುದ್ರದಲ್ಲಿ ನಿಲ್ಲಿಸುವುದಿಲ್ಲ. ನಿಲ್ಲಿಸಲು ಆಗುವುದೂ ಇಲ್ಲ.

ಮೊದಲು ಲಂಗರಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ದೋಣಿ 10 ಮೀಟರ್ ಉದ್ದ. ಅದರಲ್ಲಿ 60 ಮೀಟರ್ ಸರಪಳಿ ಇದೆ. ಲಂಗರನ್ನು ಅಡ್ಡಡ್ಡ ಎಳೆದರೆ ಮಾತ್ರ ಅದು ಮಣ್ಣಿನೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಹಾಗಾಗಿ ಆಳ ಎಷ್ಟಿದೆಯೋ ಅದರ ಐದು ಪಟ್ಟಾದರೂ ಸರಪಳಿ ಬಿಡಬೇಕು. ಅಂದರೆ ನಮಗೆ 12 ಮೀಟರ್ ಆಳದವರೆಗೆ ಲಂಗರು ಹಾಕಲು ಆಗುತ್ತದೆ. ದಡ ಬಿಟ್ಟು ದೂರ ಹೋದ ಮೇಲೆ ಕೆಳಗಿರುವ ಆಳ ನೂರಾರು ಮೀಟರ್. ಅಲ್ಲಿ ಲಂಗರು ಬಿಟ್ಟರೆ ಅದು ಸುಮ್ನೆ ನೇತಾಡುತ್ತಿರುತ್ತದೆ.

ಹಾಗಾದರೆ ಕತ್ತಲಾಗುವ ಮುಂಚೆ ತಲುಪಬಾರದೇ ಅಂತ ಕೇಳಬಹುದು. ಹಾಯಿದೋಣಿಯ ವೇಗ ಎಷ್ಟು ಅಂತ ಗೊತ್ತಾದರೆ ಆ ಪ್ರಶ್ನೆ ಬರುವುದಿಲ್ಲ. ನಮ್ಮಂಥ ದೋಣಿ ಸರಾಸರಿ 5 ನಾಟ್ ವೇಗದಲ್ಲಿ ಹೋಗುತ್ತದೆ. ಅಂದರೆ ಗಂಟೆಗೆ 5 ನಾಟಿಕಲ್ ಮೈಲಿ, ಸುಮಾರು 9 ಕಿಲೋಮೀಟರ್. ಆರಾಮವಾಗಿ ಸೈಕಲ್ ತುಳಿಯುವವರು ನಮ್ಮನ್ನು ಹಿಂದೆ ಹಾಕುತ್ತಾರೆ. 120 ನಾಟಿಕಲ್ ಮೈಲಿ ದೂರದ ಬಂದರಿಗೆ ಹೋಗಲು ಪೂರಾ ಒಂದು ದಿನ ಬೇಕು. ನಡುವೆ ಒಂದು ರಾತ್ರಿ ಬಂದೇ ಬರುತ್ತದೆ.

ಆದ್ದರಿಂದ ದೋಣಿ ರಾತ್ರಿಯಿಡೀ ಹೋಗುತ್ತಲೇ ಇರುತ್ತದೆ. ಒಬ್ಬರು ಎದ್ದಿರುತ್ತಾರೆ, ಉಳಿದವರು ಮಲಗುತ್ತಾರೆ. ಆಮೇಲೆ ಎದ್ದವರು ಮಲಗುತ್ತಾರೆ, ಮಲಗಿದವರು ಏಳುತ್ತಾರೆ. ಇದಕ್ಕೆ ಪಾಳಿ ಅನ್ನುತ್ತೇವೆ. ಕೇಳಲು ಇಷ್ಟೇ. ಆದರೆ ಈ ಪಾಳಿಯ ಲೆಕ್ಕ ನಿಜವಾಗಿ ಏನು ಅಂತ ನನಗೆ ಅರ್ಥವಾಗಿದ್ದು ಒಂದೇ ಒಂದು ಕೆಟ್ಟ ರಾತ್ರಿಯಲ್ಲಿ. ಅದನ್ನು ಹೇಳದೆ ಈ ಪ್ರಶ್ನೆಗೆ ಉತ್ತರ ಕೊಟ್ಟ ಹಾಗೆ ಆಗುವುದಿಲ್ಲ.

ಆ ಸಲ ನಾವು ನಾಲ್ಕು ಜನ ಇದ್ದೆವು. ದೋಣಿಯ ಜವಾಬ್ದಾರಿ ನನ್ನದು. ಜೊತೆಗೆ ನನ್ನ ಹಳೆಯ ಗೆಳೆಯ. ನಾವಿಬ್ಬರೂ ಹನ್ನೆರಡು ವರ್ಷದಿಂದ ಒಟ್ಟಿಗೆ ಹಾಯಿ ಎಳೆದವರು. ಮೂರನೆಯವರು ನಿವೃತ್ತ ಶಾಲಾ ಶಿಕ್ಷಕರು, ನಾವೆಲ್ಲ ಮೇಷ್ಟ್ರು ಅಂತಲೇ ಕರೆಯುವುದು. ನಾಲ್ಕನೆಯವಳು ಇಪ್ಪತ್ನಾಲ್ಕು ವರ್ಷದ ಹುಡುಗಿ. ದಡದ ಹತ್ತಿರ ಚೆನ್ನಾಗಿ ದೋಣಿ ನಡೆಸುತ್ತಿದ್ದಳು, ರಾತ್ರಿ ಪ್ರಯಾಣ ಮಾತ್ರ ಅವಳಿಗೆ ಅದೇ ಮೊದಲು. ಹವಾಮಾನ ವರದಿ 20 ನಾಟ್ ಗಾಳಿ ಅಂದಿತ್ತು. ಹಿಂದಿನಿಂದ, ಸ್ವಲ್ಪ ಬಲಕ್ಕೆ. ಹೋಗಲು ಒಳ್ಳೆಯ ಗಾಳಿ. ಬೆಳಿಗ್ಗೆ 8ಕ್ಕೆ ಹೊರಟೆವು.

ಮಧ್ಯಾಹ್ನದವರೆಗೆ ತುಂಬಾ ಚೆನ್ನಾಗಿತ್ತು. ಸಂಜೆ 5ರ ಹೊತ್ತಿಗೆ ಗಾಳಿ 24 ದಾಟಿತು. ಅಲೆಗಳ ನೆತ್ತಿಯ ಮೇಲೆಲ್ಲ ಬಿಳಿ ನೊರೆ. ಮೇಷ್ಟ್ರು ಮಾತು ನಿಲ್ಲಿಸಿದರು.

ಸಮುದ್ರದ ವಾಂತಿ ಶುರುವಾಗುವ ಮೊದಲ ಗುರುತು ಅದೇ. ಮಾತಾಡುವವರು ಸುಮ್ಮನಾಗುತ್ತಾರೆ, ಆಕಳಿಸುತ್ತಾರೆ. ಕಿವಿಯೊಳಗೆ ಸಮತೋಲ ನೋಡಿಕೊಳ್ಳುವ ಅಂಗ ಇದೆಯಲ್ಲ, ಅದು ಮೈ ಅಲ್ಲಾಡುತ್ತಿದೆ ಅನ್ನುತ್ತದೆ. ಕಣ್ಣು ಎದುರಿನ ಗೋಡೆ ನೋಡಿ ಏನೂ ಅಲ್ಲಾಡುತ್ತಿಲ್ಲ ಅನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತಿರುಗುತ್ತದೆ. ಹಗಲಲ್ಲಿ ದೂರದ ದಿಗಂತ ನೋಡುತ್ತಾ ಕೂತರೆ ಎಷ್ಟೋ ವಾಸಿ. ಕತ್ತಲಾದ ಮೇಲೆ ದಿಗಂತವೇ ಇರುವುದಿಲ್ಲ. ಮಾತ್ರೆಯನ್ನು ಹೊರಡುವ ಮುಂಚೆ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಮಾತ್ರೆ ಹೊಟ್ಟೆಯಲ್ಲಿ ನಿಂತರೆ ತಾನೇ? ಮೇಷ್ಟ್ರು ಮಾತ್ರೆ ಬೇಡ ಅಂದಿದ್ದರು. ನಾನು ಇನ್ನೂ ಸ್ವಲ್ಪ ಜೋರು ಮಾಡಬೇಕಿತ್ತು. ರಾತ್ರಿ 8ಕ್ಕೆ ಅವರು ಎಂಟು ಸಲ ವಾಂತಿ ಮಾಡಿ ಕ್ಯಾಬಿನ್ನಿನ ನೆಲದ ಮೇಲೆ ಮಲಗಿದ್ದರು. ದೋಣಿಯ ನಟ್ಟನಡುವೆ, ಆದಷ್ಟು ಕೆಳಗೆ. ಅಲ್ಲಿ ಓಲಾಟ ಕಡಿಮೆ. ಕಂಬಳಿ ಹೊದಿಸಿ, ಅರ್ಧ ಗಂಟೆಗೊಮ್ಮೆ ಎರಡು ಚಮಚ ನೀರು ಕುಡಿಸುತ್ತಿದ್ದೆವು. ಪಾಳಿಯಿಂದ ಒಬ್ಬರು ಕಡಿಮೆಯಾದರು.

ಕತ್ತಲಾಗುವ ಮುಂಚೆ ಮಾಡಬೇಕಾದ ದೊಡ್ಡ ಕೆಲಸ ಒಂದಿದೆ, ಹಾಯಿ ಚಿಕ್ಕದು ಮಾಡುವುದು. ಹಾಯಿಯ ಕೆಳಭಾಗವನ್ನು ಮಡಚಿ ಕಟ್ಟುತ್ತಾರೆ, ಅದಕ್ಕೆ ರೀಫ್ ಅನ್ನುತ್ತಾರೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. 15 ನಾಟ್‌ನಲ್ಲಿ ಮುದ್ದಾಗಿ ಎಳೆಯುತ್ತಿದ್ದ ಹಾಯಿ 30 ನಾಟ್‌ನಲ್ಲಿ ದೋಣಿಯನ್ನೇ ಮಗುಚುವ ಹಾಗೆ ಎಳೆಯುತ್ತದೆ. ಆ ಸಂಜೆ 7ಕ್ಕೆ ನಾನು ಎರಡನೆಯ ರೀಫ್ ಹಾಕಿಸಿದೆ. ಮೂರನೆಯದನ್ನೂ ಹಾಕಬೇಕಿತ್ತು. ಮೊದಲ ಎರಡನ್ನು ನಾವು ಕೂರುವ ಕಾಕ್‌ಪಿಟ್‌ನಿಂದಲೇ ಹಗ್ಗ ಎಳೆದು ಹಾಕಬಹುದು. ಮೂರನೆಯದಕ್ಕೆ ಹಾಯಿ ಏರಿಸುವ ಎತ್ತರದ ಕಂಬ, ಅಂದರೆ ಮಾಸ್ಟ್ ಹತ್ತಿರ, ದೋಣಿಯ ನಡುವಿಗೆ ಹೋಗಬೇಕು. ಬೆಳಕಿತ್ತು, ಕೈಯಲ್ಲಿ ಆಗುತ್ತಿತ್ತು. ವೇಗ ಚೆನ್ನಾಗಿದೆ, ನೋಡೋಣ ಅಂತ ಬಿಟ್ಟೆ. ಅದು ನನ್ನ ತಪ್ಪು.

ಪಾಳಿ ಹೀಗೆ ಹಂಚಿದೆ. 8ರಿಂದ 10 ನಾನು. 10ರಿಂದ 12 ಗೆಳೆಯ. 12ರಿಂದ 2 ಹುಡುಗಿ. ಆಮೇಲೆ ಮತ್ತೆ ನಾನು. ಶಾಂತ ರಾತ್ರಿಯಲ್ಲಿ ಮೂರು ಗಂಟೆಯ ಪಾಳಿ ಇಡುತ್ತೇವೆ. ಹಿಂದಿನಿಂದ ದೊಡ್ಡ ಅಲೆ ಬರುತ್ತಿದ್ದರೆ ಎರಡೇ ಗಂಟೆ. ಅಂಥ ಅಲೆಯಲ್ಲಿ ನಮ್ಮ ಚಿಕ್ಕ ಆಟೋಪೈಲಟ್ ದಾರಿ ಹಿಡಿಯುವುದಿಲ್ಲ, ಚುಕ್ಕಾಣಿಯನ್ನು ಕೈಯಲ್ಲೇ ಹಿಡಿಯಬೇಕು. ತೋಳು ಸೋಲುತ್ತದೆ. ಅದಕ್ಕಿಂತ ಜಾಸ್ತಿ ತಲೆ ಸೋಲುತ್ತದೆ.

ನನ್ನ ಪಾಳಿಯಲ್ಲಿ ಗಾಳಿ 26. ಚಂದ್ರ ಇರಲಿಲ್ಲ. ಹಿಂದೆ ಬರುವ ಅಲೆ ಕಣ್ಣಿಗೆ ಕಾಣುತ್ತಿರಲಿಲ್ಲ, ಕಿವಿಗೆ ಕೇಳುತ್ತಿತ್ತು. ದೂರದಲ್ಲಿ ಸಣ್ಣಗೆ ಉಸಿರು ಬಿಟ್ಟ ಹಾಗೆ ಶುರುವಾಗಿ, ಹತ್ತಿರ ಬಂದಾಗ ಲಾರಿಯಿಂದ ಜಲ್ಲಿ ಸುರಿದ ಸದ್ದು. ಆಮೇಲೆ ದೋಣಿಯ ಹಿಂಭಾಗ ಎದ್ದು ನಿಲ್ಲುತ್ತದೆ, ಮೂತಿ ಕೆಳಗಾಗುತ್ತದೆ. ಆಗ ಕೈಯಲ್ಲಿರುವ ಚುಕ್ಕಾಣಿಯ ಹಿಡಿ ಒಂದು ಕ್ಷಣ ಹಗುರವಾಗುತ್ತದೆ. ಆ ಹಗುರ ಗೊತ್ತಾದ ಕೂಡಲೇ ಎಳೆದು ಹಿಡಿಯಬೇಕು. ತಡ ಮಾಡಿದರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ. ಇದನ್ನು ಎರಡು ಗಂಟೆ, ಹತ್ತು ಸೆಕೆಂಡಿಗೆ ಒಂದು ಸಲ, ಮಾಡುತ್ತಲೇ ಇರಬೇಕು. ದಿಕ್ಸೂಚಿಯ ಕೆಂಪು ದೀಪ ಒಂದೇ ಎದುರಿಗೆ. ರಾತ್ರಿ ದೋಣಿಯಲ್ಲಿ ಬಿಳಿ ದೀಪ ಹಾಕಬಾರದು. ಕತ್ತಲಿಗೆ ಹೊಂದಿಕೊಳ್ಳಲು ಕಣ್ಣಿಗೆ 20-30 ನಿಮಿಷ ಬೇಕು, ಒಂದು ಸಲ ಟಾರ್ಚ್ ಬೆಳಕು ಬಿದ್ದರೆ ಅಷ್ಟೂ ಹೋಯಿತು.

ಇನ್ನೊಂದು ಮಾತು. ಮೇಲೆ ಬರುವ ಯಾರೇ ಆಗಲಿ, ಕ್ಯಾಬಿನ್ನಿನ ಮೆಟ್ಟಿಲ ಮೇಲೆ ನಿಂತಿರುವಾಗಲೇ ಸೊಂಟದ ಸೇಫ್ಟಿ ಹಗ್ಗದ ಕೊಂಡಿಯನ್ನು ದೋಣಿಗೆ ಹಾಕಬೇಕು. ಕೊಂಡಿ ಹಾಕಿದ ಸದ್ದು ಕೇಳಿದ ಮೇಲೇ ಕಾಲು ಹೊರಗೆ. ಈ ವಿಷಯದಲ್ಲಿ ನಾನು ಯಾರ ಮುಖವನ್ನೂ ನೋಡುವುದಿಲ್ಲ. 6 ನಾಟ್ ವೇಗದಲ್ಲಿ ದೋಣಿ ಸೆಕೆಂಡಿಗೆ 3 ಮೀಟರ್ ಹೋಗುತ್ತದೆ. ಒಬ್ಬರು ಬಿದ್ದದ್ದು ಗೊತ್ತಾಗಿ, ಒಂದು ನಿಮಿಷ ಗಾಬರಿಯಲ್ಲಿ ಕಳೆದರೆ ಅವರು ಹೆಚ್ಚುಕಡಿಮೆ 185 ಮೀಟರ್ ಹಿಂದೆ ಉಳಿದಿರುತ್ತಾರೆ. ಕತ್ತಲಲ್ಲಿ, ಮೂರು ಮೀಟರ್ ಅಲೆಯ ನಡುವೆ, ಒಂದು ತಲೆ ಹುಡುಕುವುದು ಅಂದರೆ ಏನು ಅಂತ ನೀವೇ ಯೋಚಿಸಿ. ಫ್ರಾನ್ಸಿನ ಎರಿಕ್ ತಬಾರ್ಲಿ ಒಬ್ಬರೇ ಅಟ್ಲಾಂಟಿಕ್ ದಾಟುವ ರೇಸನ್ನು 1964ರಲ್ಲಿ ಮತ್ತು 1976ರಲ್ಲಿ ಗೆದ್ದವರು. ಅಂಥವರು 1998ರ ಜೂನ್‌ನ ಒಂದು ರಾತ್ರಿ ವೇಲ್ಸ್ ಕರಾವಳಿಯಾಚೆ ತಮ್ಮದೇ ದೋಣಿಯಿಂದ ನೀರಿಗೆ ಬಿದ್ದು ತೀರಿಕೊಂಡರು. ಸೇಫ್ಟಿ ಹಗ್ಗ ಕಟ್ಟಿರಲಿಲ್ಲ. ಅವರಿಗಿಂತ ಚೆನ್ನಾಗಿ ದೋಣಿ ಬಲ್ಲವರು ನಮ್ಮಲ್ಲಿ ಯಾರಿದ್ದಾರೆ?

10ಕ್ಕೆ ಗೆಳೆಯ ಬಂದ. ಕೊಂಡಿ ಹಾಕಿದ. ಹತ್ತು ನಿಮಿಷ ಪಕ್ಕದಲ್ಲಿ ಕೂತು ಅಲೆಯ ಲಯ ಹಿಡಿದು, ಚುಕ್ಕಾಣಿ ತೆಗೆದುಕೊಂಡ. ನಾನು ಕೆಳಗೆ ಹೋಗಿ ಒದ್ದೆ ಬಟ್ಟೆಯಲ್ಲೇ ಎಡಗಡೆಯ ಹಾಸಿಗೆಯಲ್ಲಿ ಮಲಗಿದೆ. ಹಾಸಿಗೆಯ ಬದಿಗೆ ದಪ್ಪ ಬಟ್ಟೆಯೊಂದನ್ನು ತೊಟ್ಟಿಲ ಗೋಡೆಯ ಹಾಗೆ ಎತ್ತಿ ಕಟ್ಟಿರುತ್ತೇವೆ, ಉರುಳಿ ಬೀಳದಿರಲಿ ಅಂತ. ಒಳಗೆ ಸದ್ದು ಹೊರಗಿಗಿಂತ ಜಾಸ್ತಿ. ನೀರು ಕಿವಿಯಿಂದ ಒಂದು ಅಂಗುಲ ಆಚೆ ಓಡುತ್ತಿರುತ್ತದೆ. ಪಾತ್ರೆ ಕುಣಿಯುತ್ತದೆ, ಮರ ಕಿರುಗುಡುತ್ತದೆ. ಅಂಥದ್ದರಲ್ಲೂ ನಿದ್ದೆ ಬಂತು. ಮೇಲೆ ಇದ್ದವನು ಗೆಳೆಯ, ಅದಕ್ಕೇ ಬಂತು.

ಎಚ್ಚರವಾದದ್ದು ಬಟ್ಟೆಯ ಗೋಡೆಗೆ ಬಡಿದುಕೊಂಡಾಗ. ಎಡಕ್ಕೆ ವಾಲಿದ್ದ ದೋಣಿ ಬಲಕ್ಕೆ ವಾಲಿ ಬಿದ್ದಿತ್ತು. ಮೇಷ್ಟ್ರು ನೆಲದ ಮೇಲೆ ಉರುಳಿ ಅಡುಗೆ ಕಟ್ಟೆಗೆ ತಾಗಿ ನಿಂತಿದ್ದರು. ಎಲ್ಲೋ ಏನೋ ಬಿರಿದ ಸದ್ದು. ಆಮೇಲೆ ಮೇಲಿನಿಂದ ಗೆಳೆಯನ ಕೂಗು. ಹನ್ನೆರಡು ವರ್ಷದಲ್ಲಿ ಅವನು ಹಾಗೆ ಕೂಗಿದ್ದನ್ನು ನಾನು ಕೇಳಿರಲಿಲ್ಲ.

ಆದದ್ದು ಇಷ್ಟು. ದೋಣಿ ದಾರಿ ಬಿಟ್ಟು ಎಡಕ್ಕೆ ತಿರುಗಿತ್ತು. ಬಲ ಹಿಂದಿನಿಂದ ಬೀಸುತ್ತಿದ್ದ ಗಾಳಿ ಹಾಯಿಯ ಹಿಂಬದಿಗೆ ನುಗ್ಗಿತು. ಹಾಯಿಯ ಬುಡದಲ್ಲಿರುವ ಅಡ್ಡ ಕಂಬಕ್ಕೆ ಬೂಮ್ ಅನ್ನುತ್ತಾರೆ. ಅಂಥ ಹೊತ್ತಿನಲ್ಲಿ ಅದು ಎಡದಿಂದ ಬಲಕ್ಕೆ ತಲೆಯ ಮಟ್ಟದಲ್ಲಿ ಬೀಸಿ ಬರುತ್ತದೆ. ಅದು ಬಡಿದು ಸತ್ತವರಿದ್ದಾರೆ. ನಾವು ಸಂಜೆಯೇ ಬೂಮನ್ನು ಮುಂದಕ್ಕೆ ಒಂದು ಹಗ್ಗದಿಂದ ಎಳೆದು ಕಟ್ಟಿದ್ದೆವು. ಆ ಹಗ್ಗ ಹಿಡಿದುಕೊಂಡಿತು. ಬಿರಿದದ್ದು ಹಗ್ಗ ಹಾಯುವ ರಾಟೆ. ಮುಂದಿನ ಅಲೆ ದೋಣಿಯ ಹಿಂಭಾಗವನ್ನು ತಳ್ಳಿತು, ಗೆಳೆಯ ಎರಡೂ ಕೈಯಲ್ಲಿ ಚುಕ್ಕಾಣಿ ಎಳೆದ, ಹಾಯಿ ಮತ್ತೆ ಎಡಕ್ಕೆ ತುಂಬಿಕೊಂಡಿತು.

ನಾನು ಗಡಿಯಾರ ನೋಡಿದೆ. ಒಂದೂವರೆ.

"ಹನ್ನೆರಡಕ್ಕೆ ಅವಳನ್ನ ಎಬ್ಬಿಸಲಿಲ್ವಾ?" ಅಂದೆ.

"ಪಾಪ, ಈಗಷ್ಟೇ ನಿದ್ದೆ ಹತ್ತಿತ್ತು ಕಣೇ. ನಾನೇ ಇನ್ನೊಂದು ಸ್ವಲ್ಪ ಹೊತ್ತು ಹಿಡೀತೀನಿ ಅಂತ..."

ಅವನು ಒಳ್ಳೆಯವನು. ಒಳ್ಳೆಯತನದಿಂದಲೇ ಹಾಗೆ ಮಾಡಿದ್ದ. ಆದರೆ ಬೆಳಿಗ್ಗೆ 5ಕ್ಕೆ ಎದ್ದವನು ಅವನು. ಆಗ ಇಪ್ಪತ್ತು ಗಂಟೆ ದಾಟಿತ್ತು. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. 17 ಗಂಟೆ ಎಡೆಬಿಡದೆ ಎದ್ದಿರುವವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿದಿತ್ತಂತೆ. ಕುಡಿದವನಿಗೆ ನಾವು ಚುಕ್ಕಾಣಿ ಕೊಡುತ್ತೇವಾ? ನಿದ್ದೆಗೆಟ್ಟವನಿಗೆ ಮಾತ್ರ ಭೇಷ್ ಅನ್ನುತ್ತೇವೆ. ಆಮೇಲೆ ಅವನೇ ಹೇಳಿದ. ದಿಗಂತದ ಹತ್ತಿರ ಒಂದು ನಕ್ಷತ್ರ ಇಟ್ಟುಕೊಂಡು ಹೋಗುತ್ತಿದ್ದನಂತೆ. ಯಾವಾಗಲೋ ಅದು ಮೋಡದ ಹಿಂದೆ ಹೋಗಿತ್ತು. ಅವನು ಬೇರೊಂದು ನಕ್ಷತ್ರದ ಹಿಂದೆ ಹೋಗುತ್ತಿದ್ದ, ಅದು ಬೇರೆಯದು ಅಂತ ಗೊತ್ತೇ ಆಗಿರಲಿಲ್ಲ.

ಮಲಗಿದವರನ್ನು ಎಬ್ಬಿಸಲು ನಮಗೆಲ್ಲ ಒಂದು ಸಂಕೋಚ. ಮನೆಯಲ್ಲಿ ಅದು ಒಳ್ಳೆಯ ಗುಣ. ಸಮುದ್ರದ ಮೇಲೆ ಅದು ಎಷ್ಟು ಅಪಾಯ ಅಂತ ನಾನು ಅವತ್ತು ಕಂಡೆ. ಅದಕ್ಕೇ ಇಷ್ಟು ಉದ್ದ ಹೇಳುತ್ತಿದ್ದೇನೆ. ಅವನು ಹನ್ನೆರಡಕ್ಕೆ ಎಬ್ಬಿಸಿದ್ದರೆ ಹುಡುಗಿಗೆ ಎರಡು ಗಂಟೆ ನಿದ್ದೆ ಕಡಿಮೆಯಾಗುತ್ತಿತ್ತು, ಅಷ್ಟೇ.

ಗಾಳಿ ಆಗ 30. ಬೀಸಿದಾಗ 36. ಬ್ಯೂಫೋರ್ಟ್ ಅಳತೆಯಲ್ಲಿ 7, ಆಗಾಗ 8. ಫ್ರಾನ್ಸಿಸ್ ಬ್ಯೂಫೋರ್ಟ್ ಎಂಬ ನೌಕಾ ಅಧಿಕಾರಿ 1805ರಲ್ಲಿ ಈ ಅಳತೆ ಮಾಡಿದ್ದು. 28ರಿಂದ 33 ನಾಟ್‌ವರೆಗೆ 7, 34ರಿಂದ 40ರವರೆಗೆ 8. ದೊಡ್ಡ ಹಡಗಿಗೆ ಇದು ದೊಡ್ಡ ವಿಷಯ ಅಲ್ಲ. 10 ಮೀಟರ್ ದೋಣಿಗೆ, ಒಬ್ಬರು ನೆಲದ ಮೇಲೆ, ಇನ್ನೊಬ್ಬರು ಸೋತು ಕೂತಿರುವಾಗ, ಸಾಕಷ್ಟು ದೊಡ್ಡದು.

ಹುಡುಗಿ ಎದ್ದು ಮೆಟ್ಟಿಲ ಹತ್ತಿರ ನಿಂತಿದ್ದಳು. ಎರಡೂ ಕೈಯಲ್ಲಿ ಕಂಬಿ ಹಿಡಿದಿದ್ದಳು. ನಿಮ್ಮೆಲ್ಲರ ಪ್ರಶ್ನೆಯನ್ನೇ ಅವಳು ಕೇಳಿದಳು.

"ಅಕ್ಕಾ, ಎಲ್ಲಾದ್ರೂ ನಿಲ್ಲಿಸೋಣ್ವಾ?"

ನಕ್ಷೆಯಲ್ಲಿ 18 ಮೈಲಿ ದೂರದಲ್ಲಿ ಒಂದು ಬಂದರು ಇತ್ತು. ಗಾಳಿ ಹೋಗುವ ದಿಕ್ಕಿನಲ್ಲೇ. ಮೂರೂವರೆ ಗಂಟೆಯಲ್ಲಿ ತಲುಪಬಹುದಿತ್ತು. ನಿಜ ಹೇಳಬೇಕೆಂದರೆ ನನಗೂ ಆಸೆಯಾಯಿತು. ಮೇಷ್ಟ್ರ ಮುಖ ನೋಡಿದರೆ ಇನ್ನೂ ಜಾಸ್ತಿ ಆಸೆಯಾಯಿತು.

ಆದರೆ ಆ ಬಂದರಿನ ಬಾಯಿ ಒಂದು ಅಳಿವೆ. ನದಿ ತಂದು ಹಾಕಿದ ಮರಳಿನಿಂದ ಅಲ್ಲಿ ಆಳ ನಾಲ್ಕೈದು ಮೀಟರ್ ಮಾತ್ರ. ಅಲೆ ಆಳವಾದ ನೀರಿನಲ್ಲಿ ಎತ್ತಿ ಇಳಿಸಿ ಹೋಗುತ್ತದೆ. ತನ್ನ ಎತ್ತರಕ್ಕಿಂತ ಆಳ ಸ್ವಲ್ಪವೇ ಜಾಸ್ತಿ ಇರುವ ಜಾಗಕ್ಕೆ ಬಂದಾಗ ಬುಡ ತಡೆದು ತಲೆ ಮುಂದೆ ಬೀಳುತ್ತದೆ. ಮೂರು ಮೀಟರ್ ಅಲೆ ಸುಮಾರು ನಾಲ್ಕು ಮೀಟರ್ ಆಳದಲ್ಲಿ ಮುರಿಯುತ್ತದೆ. ವರದಿಯಲ್ಲಿ ಹೇಳುವ ಅಲೆಯ ಎತ್ತರ ಕೂಡ ದೊಡ್ಡ ಅಲೆಗಳ ಸರಾಸರಿ. ನಡುವೆ ಅದರ ಎರಡರಷ್ಟು ಎತ್ತರದ್ದೂ ಒಂದೊಂದು ಬರುತ್ತದೆ. ಅಂದರೆ ಆ ರಾತ್ರಿ ಅಳಿವೆಯ ಬಾಯಲ್ಲಿ ಪೂರಾ ಅಲೆ ಮುರಿಯುತ್ತಿರುತ್ತದೆ, ಕತ್ತಲಲ್ಲಿ, ಹಿಂದೆ ಗಾಳಿ ತಳ್ಳುತ್ತಿರುವಾಗ, ಎರಡೂ ಕಡೆ ಕಲ್ಲು. ಹೋಗಿಬಿಟ್ಟರೆ ತಿರುಗಿ ಬರಲು ಆಗುವುದಿಲ್ಲ.

ಇದನ್ನು ದಡದ ಮೇಲಿರುವವರು ನಂಬುವುದು ಕಷ್ಟ. ಬಿರುಗಾಳಿಯಲ್ಲಿ ದಡ ಅಂದರೆ ಆಸರೆ ಅಂತಲೇ ಮನಸ್ಸು ಹೇಳುತ್ತದೆ. ದೋಣಿಗೆ ಆಸರೆ ಆಳ, ಮತ್ತು ಗಾಳಿಯ ದಿಕ್ಕಿನಲ್ಲಿ ಮುಂದೆ ಖಾಲಿ ನೀರು. 1979ರ ಆಗಸ್ಟ್‌ನಲ್ಲಿ ಫಾಸ್ಟ್‌ನೆಟ್ ರೇಸ್‌ಗೆ ಇಂಗ್ಲೆಂಡಿನಿಂದ ಹೊರಟ 303 ಹಾಯಿದೋಣಿಗಳು ದೊಡ್ಡ ಬಿರುಗಾಳಿಗೆ ಸಿಕ್ಕವು. 15 ಜನ ಸ್ಪರ್ಧಿಗಳು ಸತ್ತರು. 24 ದೋಣಿಗಳನ್ನು ಅದರಲ್ಲಿದ್ದವರು ಬಿಟ್ಟು ಹೊರಬಂದರು. ಆ 24ರಲ್ಲಿ ಮುಳುಗಿದ್ದು 5. ಉಳಿದವು ಆಮೇಲೆ ತೇಲುತ್ತಾ ಸಿಕ್ಕವು. ಮನುಷ್ಯರು ಸೋತ ಮೇಲೂ ಚಿಕ್ಕ ದೋಣಿ ತೇಲುತ್ತಲೇ ಇರುತ್ತದೆ. ಅದನ್ನು ಓದಿದ ಮೇಲೆ ನಾನು ಯಾವಾಗಲೂ ಮೊದಲು ಕೇಳಿಕೊಳ್ಳುವುದು ಜನ ಹೇಗಿದ್ದಾರೆ ಅಂತ. ಆಮೇಲೆ ದೋಣಿ.

ನಮ್ಮ ಜನ ಸೋತಿದ್ದರು. ಅವರಿಗೆ ಬೇಕಿದ್ದದ್ದು ನಿದ್ದೆ. "ನಿಲ್ಲಿಸೋಣ. ಇಲ್ಲೇ" ಅಂದೆ.

ನಿಲ್ಲಿಸುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಆದರೆ ಹಾಯಿದೋಣಿಯಲ್ಲಿ ನಿಲ್ಲುವಂಥ ಒಂದು ಉಪಾಯ ಇದೆ. ಹಳೇ ಕಾಲದ್ದು, ಹೀವ್ ಟು ಅನ್ನುತ್ತಾರೆ. ಮುಂದಿನ ಚಿಕ್ಕ ಹಾಯಿಯನ್ನು ಗಾಳಿ ಬರುವ ಕಡೆಗೇ, ಅಂದರೆ ಉಲ್ಟಾ ಕಟ್ಟುತ್ತೇವೆ. ಅದು ದೋಣಿಯ ಮೂತಿಯನ್ನು ಗಾಳಿಯಿಂದ ಆಚೆ ತಳ್ಳುತ್ತದೆ. ಚುಕ್ಕಾಣಿಯನ್ನು ಮೂತಿ ಗಾಳಿಯ ಕಡೆ ತಿರುಗುವ ಹಾಗೆ ಕಟ್ಟಿಹಾಕುತ್ತೇವೆ. ಎರಡೂ ಒಂದನ್ನೊಂದು ತಡೆಯುತ್ತವೆ. ದೋಣಿ ಗಾಳಿಗೆ ಓರೆಯಾಗಿ ಭುಜ ಕೊಟ್ಟು ಕೂತುಬಿಡುತ್ತದೆ. ಮುಂದೆ ಹೋಗುವುದಿಲ್ಲ. ಗಂಟೆಗೆ ಒಂದು, ಒಂದೂವರೆ ಮೈಲಿ ಪಕ್ಕಕ್ಕೆ ಜಾರುತ್ತದೆ. ನಾಲ್ಕು ಗಂಟೆ ನಿಂತರೆ ಆರು ಮೈಲಿ. ದಡ 18 ಮೈಲಿ ಆಚೆ. ಲೆಕ್ಕ ಸರಿಯಿತ್ತು.

ಅದಕ್ಕೆ ಮೊದಲು ಆ ಮೂರನೆಯ ರೀಫ್ ಹಾಕಬೇಕಿತ್ತು. ಸಂಜೆ ಬಿಟ್ಟಿದ್ದನ್ನು ರಾತ್ರಿ ಎರಡಕ್ಕೆ ಮಾಡಬೇಕಾಯಿತು.

ಗೆಳೆಯ ಇಂಜಿನ್ ಹಾಕಿ, ಮೂರು ದೊಡ್ಡ ಅಲೆ ಹೋಗುವವರೆಗೆ ಕಾದು, ನಾಲ್ಕನೆಯದು ಚಿಕ್ಕದಾಗಿ ಬಂದಾಗ ದೋಣಿಯನ್ನು ಗಾಳಿಗೆ ತಿರುಗಿಸಿದ. ಗಾಳಿಯ ಜೊತೆ ಹೋಗುವಾಗ ಅದರ ಜೋರು ಪೂರಾ ಗೊತ್ತಾಗಿರುವುದಿಲ್ಲ. ತಿರುಗಿದ ಮೇಲೆ ಮುಖಕ್ಕೆ ಬಡಿಯಿತು. ನಾನು ಡೆಕ್ ಮೇಲೆ ಅಂಬೆಗಾಲಿಟ್ಟು ಹೋದೆ. ಕೊಂಡಿ ಪಕ್ಕದ ಪಟ್ಟಿಯ ಮೇಲೆ ಜಾರುತ್ತಾ ಹಿಂದೆ ಬರುತ್ತಿತ್ತು. ಮಾಸ್ಟ್ ಹತ್ತಿರ ಮಂಡಿಯೂರಿ, ಎಡಗೈಯಲ್ಲಿ ಕಂಬ ತಬ್ಬಿಕೊಂಡೆ. ಹಾಯಿಯ ಅಂಚಿನಲ್ಲಿ ಬಳೆಯಂಥ ಒಂದು ಉಕ್ಕಿನ ಕಣ್ಣು ಇರುತ್ತದೆ. ಅದನ್ನು ಕೆಳಗೆ ಎಳೆದು ಕೊಕ್ಕೆಗೆ ಸಿಕ್ಕಿಸಬೇಕು. ಹಾಯಿ ಒದರುತ್ತಿತ್ತು. ಬಟ್ಟೆ ಒದರುವ ಹಾಗಲ್ಲ, ತಗಡು ಒದರಿದ ಹಾಗೆ. ಬಳೆ ಕೊಕ್ಕೆಯ ತುದಿಗೆ ತಾಗುತ್ತದೆ, ಜಾರುತ್ತದೆ. ಮೂರು ಸಲ ಹಾಗಾಯಿತು. ಬೆರಳಿನ ಗೆಣ್ಣು ಎಲ್ಲಿ ಸುಲಿಯಿತೋ ಗೊತ್ತಿಲ್ಲ. ನಾಲ್ಕನೆಯ ಸಲ ಕೂತಿತು. ಕೂತಾಗ ಒಂದು ಸಣ್ಣ ಟಕ್ ಸದ್ದು. ಆ ಗದ್ದಲದಲ್ಲಿ ಅದು ಕಿವಿಗೆ ಕೇಳುವುದು ಸಾಧ್ಯವೇ ಇಲ್ಲ, ಬೆರಳಿಗೆ ಕೇಳಿಸಿತು.

ವಾಪಸ್ ಬಂದು ಮುಂದಿನ ಹಾಯಿಯನ್ನು ಟವೆಲ್ಲಿನಷ್ಟು ಬಿಚ್ಚಿ ಉಲ್ಟಾ ಎಳೆದು ಕಟ್ಟಿದೆವು. ಚುಕ್ಕಾಣಿ ಕಟ್ಟಿದೆವು. ಇಂಜಿನ್ ನಿಲ್ಲಿಸಿದೆವು. ಆಮೇಲೆ ಆದದ್ದನ್ನು ಅನುಭವಿಸದವರಿಗೆ ಹೇಳುವುದು ಕಷ್ಟ. ಗಾಳಿ ಅಷ್ಟೇ ಇದೆ. ಅಲೆ ಅಷ್ಟೇ ಇದೆ. ಆದರೆ ದೋಣಿ ಒದ್ದಾಡುವುದನ್ನು ಬಿಟ್ಟಿತು. ಎದ್ದು, ಇಳಿದು, ಎದ್ದು, ಇಳಿದು. ಪಕ್ಕಕ್ಕೆ ಜಾರುವಾಗ ಗಾಳಿ ಬರುವ ಕಡೆ ನೀರಿನ ಮೇಲೆ ಒಂದು ನುಣುಪಾದ ಪಟ್ಟೆ ಬಿಡುತ್ತದೆ. ಬರುವ ಅಲೆ ಅಲ್ಲಿ ಸ್ವಲ್ಪ ಮೆತ್ತಗಾಗುತ್ತದೆ. ಕೆಳಗಿನಿಂದ ಮೇಷ್ಟ್ರ ದನಿ ಬಂತು. "ಏನಮ್ಮ, ಬಂದರು ಬಂತಾ?"

ಗೆಳೆಯನನ್ನು ಮಲಗಲು ಕಳಿಸಿದೆ. ಅವನು ಕ್ಷಮೆ ಕೇಳಲು ಶುರು ಮಾಡಿದ. ನಾಳೆ ಕೇಳುವೆಯಂತೆ, ಮಲಗು ಅಂದೆ. ಬೂಟು ಕಳಚುವ ಮುಂಚೆ ನಿದ್ದೆ ಹೋಗಿದ್ದ.

ನಿಂತ ದೋಣಿಗೂ ಕಾವಲು ಬೇಕು. ಇದನ್ನು ತುಂಬಾ ಜನ ಮರೆಯುತ್ತಾರೆ. ಹಡಗುಗಳ ಡಿಕ್ಕಿ ತಪ್ಪಿಸಲು 1972ರಲ್ಲಿ ಆದ ಅಂತರರಾಷ್ಟ್ರೀಯ ನಿಯಮಗಳಲ್ಲಿ ಐದನೆಯದು ಇದೇ. ಎಲ್ಲ ಹೊತ್ತಿನಲ್ಲೂ, ಎಲ್ಲ ನೌಕೆಯಲ್ಲೂ, ಕಣ್ಣು ಕಿವಿ ತೆರೆದು ಕಾವಲು ಇರಲೇಬೇಕು. ದೊಡ್ಡ ಹಡಗಿನ ಮಾಸ್ಟ್ ದೀಪ ಕಡಿಮೆಯೆಂದರೂ 6 ಮೈಲಿಯಿಂದ ಕಾಣುವಂತಿರಬೇಕು ಅಂತ ನಿಯಮ. ಅದು 20 ನಾಟ್‌ನಲ್ಲಿ ಎದುರು ಬರುತ್ತಿದ್ದು, ನಾವೂ 5 ನಾಟ್‌ನಲ್ಲಿ ಹೋಗುತ್ತಿದ್ದರೆ, ಕಂಡ ಹೊತ್ತಿನಿಂದ 14 ನಿಮಿಷ ಸಿಗುತ್ತದೆ. ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ಪೂರಾ ಸುತ್ತ ನೋಡಬೇಕು. ಮಳೆ, ಅಲೆ ಇದ್ದರೆ ಇನ್ನೂ ಬೇಗ.

(ಒಬ್ಬರೇ ಹೋಗುವವರು ಏನು ಮಾಡ್ತಾರೆ ಅಂತಲೂ ಕೇಳುತ್ತಾರೆ. ಅವರು ಅಲಾರಂ ಇಟ್ಟುಕೊಂಡು ಚೂರು ಚೂರು ನಿದ್ದೆ ಮಾಡುತ್ತಾರೆ. ಆಗ ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟಾಮಿ 2012ರ ನವೆಂಬರ್‌ನಿಂದ 2013ರ ಮಾರ್ಚ್‌ವರೆಗೆ ಎಲ್ಲೂ ನಿಲ್ಲದೆ, ಒಬ್ಬರೇ ಭೂಮಿ ಸುತ್ತಿ ಬಂದರು. ಅದು ಬೇರೆಯೇ ತಪಸ್ಸು. ನನಗೆ ಆಗುವ ಕೆಲಸ ಅಲ್ಲ.)

ನಾಲ್ಕರವರೆಗೆ ನಾನಿದ್ದೆ. ನಾಲ್ಕಕ್ಕೆ ಹುಡುಗಿ ಬಂದಳು. ನನಗೂ ಕಣ್ಣು ಎಳೆಯುತ್ತಿತ್ತು. ಅವಳಿಗೆ ಒಬ್ಬಳೇ ಪಾಳಿ ಕೊಡುವುದೋ ಬೇಡವೋ ಅಂತ ಒಂದು ಕ್ಷಣ ಯೋಚಿಸಿದೆ. ಕೊಡದೇ ಇದ್ದರೆ ನಾನೂ ಗೆಳೆಯನ ಹಾಗೇ ಮಾಡಿದ ಹಾಗಾಯಿತು.

ಅವಳ ಕೊಂಡಿ ನೋಡಿದೆ. ದೀಪದ ಪಾಠ ಇನ್ನೊಮ್ಮೆ ಹೇಳಿಸಿದೆ. ಹಡಗಿನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಕೆಂಪು ಮಾತ್ರ ಕಂಡರೆ ಅದು ನಮ್ಮೆದುರು ಎಡಕ್ಕೆ ಹೋಗುತ್ತಿದೆ. ಹಸಿರು ಮಾತ್ರ ಕಂಡರೆ ಬಲಕ್ಕೆ. "ಎರಡೂ ಒಟ್ಟಿಗೆ ಕಂಡ್ರೆ?" ಅಂದೆ. "ನಮ್ಮ ಕಡೆಗೇ ಬರ್ತಿದೆ" ಅಂದಳು.

"ಏನೇ ಅನುಮಾನ ಬಂದ್ರೂ ನನ್ನ ಎಬ್ಬಿಸು. ಹತ್ತು ಸಲ ಆದ್ರೂ ಸರಿ. ಎಬ್ಬಿಸಿದ್ದಕ್ಕೆ ನಾನು ಬೈಯಲ್ಲ. ಪಾಪ ಅಂತ ಮಾತ್ರ ಅನ್ಕೋಬೇಡ."

ಮಲಗಿದೆ. ಸುಳ್ಳು ಹೇಳುವುದಿಲ್ಲ, ಸ್ವಲ್ಪ ಹೊತ್ತು ಕಿವಿ ಮೇಲೇ ಇತ್ತು. ಅವಳು ಸುತ್ತ ನೋಡಲು ಎದ್ದಾಗ ಕೊಂಡಿ ತಾಗುವ ಸದ್ದು ಕೇಳುತ್ತಿತ್ತು. ಟಣ್. ಮತ್ತೆ ಸ್ವಲ್ಪ ಹೊತ್ತಿಗೆ, ಟಣ್. ಲೆಕ್ಕ ಹಾಕುತ್ತಾ ನಿದ್ದೆ ಹೋದೆ.

"ಅಕ್ಕಾ. ಅಕ್ಕಾ, ಏಳಿ. ಎರಡೂ ಕಾಣ್ತಿದೆ."

ಮೇಲೆ ಹೋದೆ. ಸರಿಯಾಗಿಯೇ ನೋಡಿದ್ದಳು. ಕೆಂಪು, ಹಸಿರು, ಅದರ ಮೇಲೆ ಎರಡು ಬಿಳಿ ದೀಪ ಒಂದರ ಮೇಲೊಂದು ನೇರ. ಹಡಗುಗಳ ಗುರುತು ತೋರಿಸುವ ಎಐಎಸ್ ಪರದೆಯಲ್ಲಿ 6 ಮೈಲಿ, 16 ನಾಟ್. ಇಪ್ಪತ್ತು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಸಮಯ. ನಿಯಮದ ಪ್ರಕಾರ ಇಂಜಿನ್ ಹಡಗು ಹಾಯಿದೋಣಿಗೆ ದಾರಿ ಬಿಡಬೇಕು. ಅವರು ನಮ್ಮನ್ನು ನೋಡಿದ್ದರೆ ತಾನೇ? ರೇಡಿಯೋದಲ್ಲಿ 16ನೇ ಚಾನೆಲ್ ಹಿಡಿದು ಹಡಗಿನ ಹೆಸರು ಹೇಳಿ ಕರೆದೆ. ಎರಡನೆಯ ಸಲಕ್ಕೆ ಉತ್ತರ ಬಂತು. ತುಂಬಾ ಶಾಂತವಾದ ದನಿ. ನಿಮ್ಮನ್ನು ಪರದೆಯಲ್ಲಿ ನೋಡುತ್ತಿದ್ದೇನೆ, ಬಲಕ್ಕೆ ತಿರುಗುತ್ತೇನೆ, ನೀವು ಹಾಗೇ ಇರಿ ಅಂತ. ನಾವಿಬ್ಬರೂ ನೋಡುತ್ತಾ ನಿಂತೆವು. ಬಿಳಿ ದೀಪಗಳು ಒಂದರಿಂದೊಂದು ದೂರವಾದವು. ಹಸಿರು ಮಾಯವಾಯಿತು. ಕೆಂಪು ಮಾತ್ರ ಉಳಿದು, ನಿಧಾನಕ್ಕೆ ಎಡಕ್ಕೆ ಸರಿಯಿತು.

ಅದು ದಾಟುವವರೆಗೆ ಕೂರುತ್ತೇನೆ ಅಂದೆ.

"ಬೇಡ ಅಕ್ಕಾ, ನೀವು ಮಲಗಿ. ಇನ್ನೂ ನನ್ನ ಪಾಳಿ" ಅಂದಳು.

ಕೆಳಗೆ ಬಂದು ಮಲಗಿದೆ. ಆ ಸಲ ಕೊಂಡಿಯ ಸದ್ದು ಕೇಳಿಸಿಕೊಳ್ಳಲಿಲ್ಲ.

ಆರಕ್ಕೆ ಎದ್ದಾಗ ಗಾಳಿ 22ಕ್ಕೆ ಇಳಿದಿತ್ತು. ಮೇಷ್ಟ್ರು ಎದ್ದು ಕೂತು ಒಂದು ಬಿಸ್ಕತ್ತನ್ನು ಬಹಳ ಹೊತ್ತಿನಿಂದ ತಿನ್ನುತ್ತಿದ್ದರು. ಗೆಳೆಯ ಮುರಿದ ರಾಟೆ ಬಿಚ್ಚುತ್ತಿದ್ದ. ಹುಡುಗಿ ಐದೂವರೆಗೆ ಅವನನ್ನು ಎಬ್ಬಿಸಿ, ಪಾಳಿ ಒಪ್ಪಿಸಿ, ನೆಲದ ಮೇಲೆ ಮೇಷ್ಟ್ರ ಕಂಬಳಿ ಹೊದ್ದು ಮಲಗಿದ್ದಳು. ಹಾಯಿ ಬಿಚ್ಚಿ ಹೊರಟೆವು. ಮಧ್ಯಾಹ್ನ ಬಂದರು ಸೇರಿದೆವು.

ದೋಣಿಯ ದಿನಚರಿ ಪುಸ್ತಕ ನನ್ನ ಹತ್ತಿರ ಇನ್ನೂ ಇದೆ. ಆ ಪುಟ ಉಪ್ಪುನೀರಿಗೆ ಉಬ್ಬಿದೆ. 12 ಗಂಟೆಯ ಸಾಲು ಖಾಲಿ. ಅದರ ಕೆಳಗೆ ಗೆಳೆಯ ಆಮೇಲೆ ಬರೆದದ್ದು: "ಎಬ್ಬಿಸಲಿಲ್ಲ." ಇನ್ನೂ ಕೆಳಗೆ, ಸಾಲು ಬಿಟ್ಟು ಓಡುವ ಅಕ್ಷರದಲ್ಲಿ ಹುಡುಗಿಯ ಪೆನ್ಸಿಲ್ ಬರಹ:

"4.40. ಹಡಗು, ಎರಡೂ ದೀಪ. ಅಕ್ಕನನ್ನು ಎಬ್ಬಿಸಿದೆ.

5.05. ಹಡಗು ದಾಟಿತು. ಗಾಳಿ 27. ಅಕ್ಕ ಮಲಗಿದ್ದಾರೆ."